ಮಂಗಳದ್ರವ್ಯದ ರಸೀದಿ

ಹಳೆಯ ಮನಿ ಆರ್ಡರ್ ಫಾರಂ ಮೂರು ಭಾಗಗಳಿದ್ದ ಒಂದು ಕಾಗದ. ಒಂದು ಭಾಗದಲ್ಲಿ ಹಣದ ಮೊತ್ತ, ಕಳಿಸುವವರ ಮತ್ತು ಪಡೆಯುವವರ ವಿಳಾಸ. ಇನ್ನೊಂದು ಕೂಪನ್ನು, ಅದರಲ್ಲಿ ನಾಲ್ಕು ಸಾಲು ಬರೆಯುವಷ್ಟು ಜಾಗ. ಮೂರನೆಯದು ರಸೀದಿ. ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಬಂದು ಹಣ ಎಣಿಸಿ ಕೊಟ್ಟಾಗ ಪಡೆದವರು ಸಹಿ ಹಾಕಬೇಕಿತ್ತು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಬೇಕಿತ್ತು. ಕೂಪನ್ನು ಹರಿದು ಅವರ ಕೈಗೆ ಕೊಟ್ಟರೆ, ಸಹಿ ಬಿದ್ದ ರಸೀದಿ ಹಣ ಕಳಿಸಿದವರಿಗೆ ವಾಪಸು ಬರುತ್ತಿತ್ತು.

ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಭಾದ್ರಪದ ಹತ್ತಿರವಾದಂತೆ ಈ ಫಾರಂ ನೆನಪಾಗುತ್ತಿತ್ತು. ಗೌರಿ ಹಬ್ಬಕ್ಕೆ ಮದುವೆಯಾದ ಹೆಣ್ಣುಮಗಳಿಗೆ ತವರಿನಿಂದ ಬಾಗಿನ ಹೋಗಬೇಕು. ಹತ್ತಿರದ ಊರಿನಲ್ಲಿದ್ದರೆ ಮೊರ, ಅರಿಸಿನ, ಕುಂಕುಮ, ಬಳೆ, ರವಿಕೆ ಕಣವನ್ನು ಅಣ್ಣನೋ ತಮ್ಮನೋ ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತಿದ್ದ. ಮಗಳು ಮುಂಬೈಗೋ ಮದ್ರಾಸಿಗೋ ಹೋಗಿದ್ದರೆ ಬಾಗಿನದ ಬದಲು ಹಣ ಹೋಗುತ್ತಿತ್ತು. ಅದಕ್ಕೆ 'ಮಂಗಳದ್ರವ್ಯ' ಎಂದು ಹೆಸರು. ಐದು ರೂಪಾಯಿ, ಹತ್ತು ರೂಪಾಯಿ, ಮುಂದೆ ಐವತ್ತು, ನೂರು. ಆ ದುಡ್ಡಿನಿಂದ ಮಗಳ ಸಂಸಾರ ನಡೆಯಬೇಕಾಗಿರಲಿಲ್ಲ. ತವರು ಇದೆ, ತವರಿಗೆ ನೀನು ನೆನಪಿದ್ದೀಯ ಎಂದು ಹೇಳುವುದಕ್ಕೆ ಅಷ್ಟು ಸಾಕಿತ್ತು.

ಆದರೆ ತವರು ಕಾಯುತ್ತಿದ್ದದ್ದು ಆ ರಸೀದಿಗೆ. ಹಬ್ಬ ಕಳೆದ ಮೇಲೆ ಬರುವ ಆ ತುಂಡು ಕಾಗದದ ಮೇಲೆ ಮಗಳ ಕೈಬರಹ ಇರುತ್ತಿತ್ತು. ದುಡ್ಡು ಅವಳ ಕೈಗೇ ಸೇರಿದೆ, ಅವಳು ಅದೇ ಮನೆಯಲ್ಲಿದ್ದಾಳೆ, ಆರೋಗ್ಯವಾಗಿದ್ದಾಳೆ ಎಂಬುದಕ್ಕೆ ಸರ್ಕಾರ ತನಗೆ ಗೊತ್ತಿಲ್ಲದೆಯೇ ಕೊಡುತ್ತಿದ್ದ ಸಾಕ್ಷಿ ಅದು. ದೂರ ದೂರ ಚದುರಿದ ದೊಡ್ಡ ಕುಟುಂಬಗಳು ಹಬ್ಬದ ನೆಪದಲ್ಲಿ ಒಂದನ್ನೊಂದು ಹೇಗೆ ಹಿಡಿದುಕೊಂಡವು ಎಂಬ ಚರಿತ್ರೆಯನ್ನು ಆ ರಸೀದಿಯಿಂದ ಶುರುಮಾಡಬಹುದು. ಹಬ್ಬಕ್ಕೆ ಏನು ಕಳಿಸಿದರು ಎಂಬುದಕ್ಕಿಂತ ಏನು ವಾಪಸು ಬಂತು ಎಂಬುದೇ ಆ ಚರಿತ್ರೆಯ ಮುಖ್ಯ ಪ್ರಶ್ನೆ.

ಚದುರಿದ್ದು ಹೇಗೆ

ಕನ್ನಡದ ಮನೆಗಳು ಮುಂಬೈ, ಪುಣೆ, ಚೆನ್ನೈ, ಹೈದರಾಬಾದುಗಳಿಗೆ ಹೋದದ್ದನ್ನು ಈಗ ಹೊರನಾಡಿಗೆ ಹೋದದ್ದು ಎನ್ನುತ್ತೇವೆ. 1956ರ ನವೆಂಬರ್ 1ಕ್ಕೆ ಮುಂಚೆ ಹೊರಟವರಲ್ಲಿ ಅನೇಕರಿಗೆ ಅದು ಹೊರನಾಡೇ ಆಗಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳು ಮುಂಬೈ ಪ್ರಾಂತ್ಯದಲ್ಲಿದ್ದವು. ಧಾರವಾಡದ ಕರ್ನಾಟಕ ಕಾಲೇಜು ಆರಂಭದಲ್ಲಿ ಮುಂಬೈ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಹೆಚ್ಚಿನ ಓದಿಗೆ, ಸರ್ಕಾರಿ ನೌಕರಿಗೆ, ದೊಡ್ಡ ಕೋರ್ಟಿಗೆ ಪುಣೆ ಅಥವಾ ಮುಂಬೈ ಎಂಬುದು ಅಲ್ಲಿನವರಿಗೆ ಸಹಜವಾದ ದಾರಿ. ಮಂಗಳೂರು, ಉಡುಪಿಯ ಕಡೆಯವರಿಗೆ ರಾಜಧಾನಿ ಮದ್ರಾಸು. ಕಲಬುರಗಿ, ಬೀದರ, ರಾಯಚೂರಿನವರಿಗೆ ನಿಜಾಮರ ಹೈದರಾಬಾದು. ಏಕೀಕರಣದ ದಿನ ರಾಜಧಾನಿ ಬದಲಾಯಿತು; ಆ ಹೊತ್ತಿಗೆ ಅಲ್ಲಿ ಮನೆ ಮಾಡಿದ್ದ ಮಗ, ಅಲ್ಲಿಗೆ ಕೊಟ್ಟಿದ್ದ ಮಗಳು ಒಂದೇ ದಿನದಲ್ಲಿ ಬೇರೆ ರಾಜ್ಯದವರಾದರು.

ಇನ್ನೊಂದು ದಾರಿ ಹೋಟೆಲಿನದು. ಕರಾವಳಿಯ ಹಳ್ಳಿಗಳಿಂದ ಹುಡುಗರು ಮುಂಬೈಗೆ ಹೋಗಿ ಹಗಲು ಕ್ಯಾಂಟೀನು, ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಕನ್ನಡದಲ್ಲಿ ಓದಿದರು. ಮಾಟುಂಗಾದಲ್ಲಿ 1942ರಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಈ ಚರಿತ್ರೆಯ ಹೆಸರುವಾಸಿ ಗುರುತು. ಅದಕ್ಕೂ ಬಹಳ ಮುಂಚೆ, 1902ರಲ್ಲೇ, ಮುಂಬೈಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿತ್ತು. 1926ರಲ್ಲಿ ಮೈಸೂರು ಅಸೋಸಿಯೇಷನ್ ಬಂತು. ಸ್ವಾತಂತ್ರ್ಯದ ನಂತರ ದೆಹಲಿಯ ಕೇಂದ್ರ ಸರ್ಕಾರದ ಕಚೇರಿಗಳು, ಬ್ಯಾಂಕುಗಳು, ಸೈನ್ಯ, ರೈಲ್ವೆಗಳು ಇನ್ನಷ್ಟು ಜನರನ್ನು ಕರೆದುಕೊಂಡವು.

2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ದೇಶದಲ್ಲಿ ಸುಮಾರು 4.37 ಕೋಟಿ. ಅವರಲ್ಲಿ ಹತ್ತು ಲಕ್ಷದ ಆಸುಪಾಸಿನ ಜನ ಮಹಾರಾಷ್ಟ್ರದಲ್ಲಿ, ಅದಕ್ಕಿಂತಲೂ ಹೆಚ್ಚು ಜನ ತಮಿಳುನಾಡಿನಲ್ಲಿದ್ದರು. ಇವರೆಲ್ಲ ಊರು ಬಿಟ್ಟು ಹೋದವರಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಕೃಷ್ಣಗಿರಿಯ ಕಡೆಯ ಎಷ್ಟೋ ಮನೆಗಳು ಇದ್ದಲ್ಲೇ ಇದ್ದವು, ಗಡಿ ಅವುಗಳ ಈಚೆಗೆ ಬಂತು. ಹೋದವರಾಗಲಿ, ಉಳಿದವರಾಗಲಿ, ನೆಂಟರನ್ನು ಗಡಿಯ ಆಚೆ ಈಚೆ ಇಟ್ಟುಕೊಂಡ ಮನೆಗಳಿಗೆ ಹಬ್ಬ ಬಂದಾಗಲೆಲ್ಲ ಒಂದೇ ಕೆಲಸ: ಯಾರಿಗೆ ಹೇಳಬೇಕು, ಯಾರನ್ನು ಕರೆಯಬೇಕು, ಯಾರಿಗೆ ಏನು ಕಳಿಸಬೇಕು ಎಂಬ ಲೆಕ್ಕ.

ಎತ್ತಿನ ಗಾಡಿಯಿಂದ ಕಾಲಾಣೆಗೆ

ಅಂಚೆ ಬರುವ ಮುಂಚೆ ಈ ಲೆಕ್ಕ ಕಾಲ್ನಡಿಗೆ ಮತ್ತು ಎತ್ತಿನ ಗಾಡಿಗೆ ಸಿಗುವಷ್ಟು ಚಿಕ್ಕದಾಗಿತ್ತು. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣ ಬಂದು ತಂಗಿಯನ್ನು ಕರೆದೊಯ್ಯಬೇಕು; ತವರಿನಲ್ಲಿ ಜೋಕಾಲಿ, ಉಂಡಿ, ಅಳ್ಳು. ಕರೆಯಲು ಬಾರದ ಅಣ್ಣನ ದಾರಿ ನೋಡುವ ತಂಗಿ ಜನಪದ ಹಾಡುಗಳಲ್ಲಿ ಮತ್ತೆ ಮತ್ತೆ ಬರುತ್ತಾಳೆ. ಆ ಹಾಡುಗಳ ಸಂಕಟ ಬರಿಯ ಭಾವನೆಯದಲ್ಲ. ಕರೆಯಲು ಯಾರೂ ಬಾರದ ಹೆಣ್ಣಿಗೆ ಗಂಡನ ಮನೆಯಲ್ಲಿ ಹಿಂದೆ ಮುಂದೆ ಯಾರಿಲ್ಲ ಎಂದು ಗೊತ್ತಾಗಿಬಿಡುತ್ತಿತ್ತು. ಅಣ್ಣನ ಗಾಡಿ ಆ ಮನೆಯ ಮುಂದೆ ನಿಲ್ಲುವುದು ನಾಲ್ಕು ಜನ ನೋಡಲಿ ಎಂದೂ ಹೌದು.

ಮೈಸೂರು ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿದರೆಂದು ಹೇಳುವ ಈ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಯಿತು. ಹೆಸರು ಮಾತ್ರ ಉಳಿಯಿತು. ತಮಿಳಿನ 'ಅಂಜಲ್', ಮಲಯಾಳದ 'ಅಂಚಲ್' ಇದರ ಬಳಗದ ಪದಗಳೇ. ಹಳಗನ್ನಡದಲ್ಲಿ 'ಅಂಚೆ' ಎಂದರೆ ಹಂಸ ಎಂಬ ಅರ್ಥವೂ ಇರುವುದರಿಂದ ನಳ ದಮಯಂತಿಯರ ಹಂಸವನ್ನು ನೆನೆದು ಇವೆರಡನ್ನೂ ಜೋಡಿಸುವವರಿದ್ದಾರೆ. ಧಾರವಾಡದ ಕಡೆ ಇದೇ ಕೆಲಸಕ್ಕೆ 'ಟಪಾಲು' ಎಂಬ ಮಾತು ಬಳಕೆಗೆ ಬಂತು.

ಸಂಸ್ಥಾನದ ಅಂಚೆ ಮೊದಲಿಗೆ ದೊರೆಯ ಕೆಲಸಕ್ಕೆ ಇದ್ದದ್ದು. ಸಾಮಾನ್ಯ ಕುಟುಂಬಗಳ ಮಟ್ಟಿಗೆ ನಿಜವಾದ ಬದಲಾವಣೆ ತಂದದ್ದು 1854. ಆ ವರ್ಷ ಬ್ರಿಟಿಷ್ ಭಾರತದಲ್ಲಿ ದೂರ ಎಷ್ಟೇ ಇರಲಿ ಹಗುರವಾದ ಕಾಗದಕ್ಕೆ ಅರ್ಧ ಆಣೆ ಎಂಬ ಒಂದೇ ದರ ಬಂತು. ಅದಕ್ಕೆ ಮುಂಚೆ ದೂರ ಹೆಚ್ಚಿದಂತೆ ದರವೂ ಹೆಚ್ಚುತ್ತಿತ್ತು. 1879ರ ಜುಲೈನಲ್ಲಿ ಕಾಲಾಣೆಯ ಪೋಸ್ಟ್‌ಕಾರ್ಡ್ ಬಂತು. 1880ರಲ್ಲಿ ಖಜಾನೆಗಳ ಕೈಯಲ್ಲಿದ್ದ ಮನಿ ಆರ್ಡರ್ ಕೆಲಸವನ್ನು ಅಂಚೆ ಇಲಾಖೆ ವಹಿಸಿಕೊಂಡಿತು. ಪಕ್ಕದ ತಾಲ್ಲೂಕಿನ ಮಗಳಿಗೂ ಸಾವಿರ ಮೈಲಿ ಆಚೆಯ ಮಗಳಿಗೂ ಒಂದೇ ಕಾಲಾಣೆ ಎಂದಾದ ಮೇಲೆ, ದೂರಕ್ಕೆ ಹೆಣ್ಣು ಕೊಡುವಾಗಿನ ಹೆದರಿಕೆಗಳಲ್ಲಿ ಒಂದಾದರೂ ಕಡಿಮೆಯಾಯಿತು.

ಉಭಯಕುಶಲೋಪರಿ

ಕಾರ್ಡಿನಲ್ಲಿ ಜಾಗ ಕಡಿಮೆ. ಆದರೂ ಅದರ ಅರ್ಧವನ್ನು ಮರ್ಯಾದೆಯ ಮಾತುಗಳೇ ತುಂಬುತ್ತಿದ್ದವು. ಮೇಲೆ 'ಶ್ರೀ', ಊರು, ಕೆಲವರಲ್ಲಿ ಸಂವತ್ಸರ, ಮಾಸ, ತಿಥಿ. 'ತೀರ್ಥರೂಪ ಸಮಾನರಾದ ಮಾವನವರಿಗೆ ಮಾಡುವ ಸಾಷ್ಟಾಂಗ ನಮಸ್ಕಾರಗಳು.' 'ಉಭಯಕುಶಲೋಪರಿ ಸಾಂಪ್ರತ.' 'ಇತ್ತ ನಾವೆಲ್ಲರೂ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಬೇಕು.' ಅದಾದ ಮೇಲೆ ವಿಷಯ. ಕೊನೆಗೆ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ, ಒಬ್ಬೊಬ್ಬರ ಹೆಸರೂ ಹಿಡಿದು.

ಈಗ ಓದುವವರಿಗೆ ಇದು ಜಾಗ ಹಾಳು ಮಾಡಿದಂತೆ ಕಾಣಬಹುದು. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ 1923ರಲ್ಲಿ ಒಂದು ಮಾತು ಹೇಳಿದ: ಮನುಷ್ಯರ ಮಾತಿನಲ್ಲಿ ಒಂದು ಬಗೆಯದು ಸುದ್ದಿ ತಿಳಿಸುವುದಕ್ಕಲ್ಲ, ನಂಟು ಕಟ್ಟುವುದಕ್ಕೆ ಮಾತ್ರ ಇರುತ್ತದೆ. ಕನ್ನಡದ 'ಊಟ ಆಯ್ತಾ?' ಅಂಥದ್ದು, ಕೇಳಿದವರಿಗೆ ಊಟದ ವಿವರ ಬೇಕಿರುವುದಿಲ್ಲ. ಹಬ್ಬದ ಕಾರ್ಡು ಬಹುಪಾಲು ಇದೇ ಬಗೆಯ ಮಾತು. ಆದರೆ ಆ ಸಿದ್ಧ ಸಾಲುಗಳೊಳಗೆ ಒಂದು ಬೇಡಿಕೆ ಇತ್ತು: ಬರೆಯುತ್ತಿರಬೇಕು. ಉತ್ತರ ಬರೆಯುವುದು ಇಷ್ಟಕ್ಕೆ ಬಿಟ್ಟ ಸಂಗತಿ ಆಗಿರಲಿಲ್ಲ. ಯುಗಾದಿಗೆ ಬರೆದ ಕಾರ್ಡಿಗೆ ಗೌರಿ ಹಬ್ಬ ಬಂದರೂ ಉತ್ತರ ಇಲ್ಲವೆಂದರೆ ಆ ಮನೆಯಲ್ಲಿ ಏನೋ ಆಗಿದೆ ಅಥವಾ ಮನಸ್ಸು ಮುರಿದಿದೆ ಎಂದು ಅರ್ಥ.

ಕಾಗದವೇ ನೋಡಿದ ಕೂಡಲೇ ಅರ್ಧ ಸುದ್ದಿ ಹೇಳುತ್ತಿತ್ತು. ಮೂಲೆಗಳಲ್ಲಿ ಅರಿಸಿನ ಹಚ್ಚಿದ್ದರೆ ಶುಭ. ಸಾವಿನ ಸುದ್ದಿಯ ಕಾರ್ಡನ್ನು ಹೊರಗೇ ಓದಿ ಹರಿದು ಹಾಕುತ್ತಿದ್ದರು, ಒಳಗೆ ತರುತ್ತಿರಲಿಲ್ಲ. ಮನೆಯ ಗೂಟಕ್ಕೆ ನೇತುಬಿದ್ದ ತಂತಿಗೆ ಚುಚ್ಚಿಟ್ಟ ಕಾಗದಗಳಲ್ಲಿ ಆದ್ದರಿಂದ ಶುಭವೇ ಹೆಚ್ಚಾಗಿ ಉಳಿದಿರುತ್ತದೆ. ಹಳೆ ಕಾಗದಗಳಿಂದ ಮನೆತನದ ಚರಿತ್ರೆ ಬರೆಯಲು ಹೊರಡುವವರು ನೆನಪಿಡಬೇಕಾದ ವಿಷಯ ಇದು.

ಜತೆಗೆ ಏನಾದರೂ ವಸ್ತು ಹೋಗುವುದೂ ಇತ್ತು. ಸಂಕ್ರಾಂತಿಗೆ ಕವರಿನಲ್ಲಿ ನಾಲ್ಕು ಕಾಳು ಎಳ್ಳು, ಚೂರು ಬೆಲ್ಲ, ಕೊಬ್ಬರಿ. ಉತ್ತರ ಕರ್ನಾಟಕದವರಾದರೆ ಕುಸುರೆಳ್ಳು. ಪುಣೆಗೆ ಹೋದ ಕುಸುರೆಳ್ಳು ಅಲ್ಲಿನ ತಿಳಗುಳದ ಜತೆ ಸುಲಭವಾಗಿ ಬೆರೆಯಿತು. ದಸರೆಗೆ ಒಂದೆರಡು ಬನ್ನಿ ಎಲೆ. ಬನ್ನಿಯನ್ನು ಹಿರಿಯರ ಕೈಗೆ ಕೊಟ್ಟು ಕಾಲು ಮುಟ್ಟುವುದು ಪದ್ಧತಿ. ಕಾಲು ಇರುವುದು ಐನೂರು ಮೈಲಿ ಆಚೆ ಆದಾಗ ಎಲೆಯಷ್ಟೇ ಹೋಗುತ್ತಿತ್ತು. ಅಂಚೆಯ ಮುದ್ರೆ ಬೀಳುವಾಗ ಬೆಲ್ಲ ಪುಡಿಯಾಗಿ, ಎಲೆ ಒಣಗಿ, ಕವರಿಗೆ ಎಣ್ಣೆಯ ಕಲೆ ಹತ್ತಿ ಬಂದರೂ ಅದನ್ನು ದೇವರ ಮುಂದಿಟ್ಟೇ ಹಂಚುತ್ತಿದ್ದರು.

ಬರೆದವರು ಯಾರು

ಈ ಕಾಗದಗಳ ಕಾಲವನ್ನು ಚಿನ್ನದ ಕಾಲ ಎನ್ನುವ ಮುಂಚೆ ಒಂದು ಅಂಕಿ ನೋಡಬೇಕು. 1951ರ ಜನಗಣತಿಯಂತೆ ದೇಶದ ಹೆಂಗಸರಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಒಂಬತ್ತರಷ್ಟೂ ಇರಲಿಲ್ಲ. ಸರಿಯಾಗಿ ಹೇಳಬೇಕೆಂದರೆ 8.86. ಅಂದರೆ ಹಬ್ಬದ ಕಾಗದಗಳಲ್ಲಿ ಯಾರ ಸುಖದುಃಖವನ್ನು ಮುಖ್ಯವಾಗಿ ವಿಚಾರಿಸುತ್ತಿದ್ದರೋ ಅವರಲ್ಲಿ ಹೆಚ್ಚಿನವರಿಗೆ ಆ ಕಾಗದ ಓದಲು ಬರುತ್ತಿರಲಿಲ್ಲ. ಮಗಳ ಕ್ಷೇಮವನ್ನು ಅಳಿಯ ಬರೆದ, ಮಾವ ಬರೆದರು, ಶಾಲೆಗೆ ಹೋಗುವ ಮೈದುನ ಬರೆದ, ಕೆಲವೊಮ್ಮೆ ಪೋಸ್ಟ್‌ಮ್ಯಾನೇ ಬರೆದುಕೊಟ್ಟ. ತಾಯಿಗೆ ಅದನ್ನು ಇನ್ನೊಬ್ಬರು ಓದಿ ಹೇಳಿದರು.

ಇದರ ಮೇಲೆ ಕಾರ್ಡು ತೆರೆದ ಕಾಗದ. ಅಂಚೆ ಕಚೇರಿಯಿಂದ ಹಿಡಿದು ಅತ್ತೆಯ ಮನೆಯ ಜಗುಲಿಯವರೆಗೆ ಯಾರು ಬೇಕಾದರೂ ಓದಬಹುದು. 'ಇತ್ತ ಕ್ಷೇಮ' ಎಂದಲ್ಲದೆ ಬೇರೆ ಏನು ಬರೆಯುವುದು? ಬರೆಯಲು ಬಲ್ಲವಳಿಗೂ ಬರೆಯುವ ಸ್ವಾತಂತ್ರ್ಯ ಅಷ್ಟರಲ್ಲೇ. 1950ರಲ್ಲಿ ಇನ್‌ಲ್ಯಾಂಡ್ ಲೆಟರ್ ಬಂದು, ಮಡಚಿ ಅಂಟಿಸುವ ಅನುಕೂಲವಾಯಿತು. ಕಾರ್ಡಿಗಿಂತ ದರ ಹೆಚ್ಚು, ಕವರಿಗಿಂತ ಕಡಿಮೆ. ಓದು ಕಲಿತ ಮೊದಲ ತಲೆಮಾರಿನ ಹೆಣ್ಣುಮಕ್ಕಳಿಗೆ ಆ ನೀಲಿ ಕಾಗದ ಒಂದು ಬಾಗಿಲಿದ್ದ ಕೋಣೆಯಂತೆ.

ಮನಿ ಆರ್ಡರ್ ರಸೀದಿಯ ಬೆಲೆ ಇಲ್ಲಿ ಗೊತ್ತಾಗುತ್ತದೆ. ಕಾಗದವನ್ನು ಅವಳ ಹೆಸರಿನಲ್ಲಿ ಬೇರೆಯವರು ಬರೆಯಬಹುದಿತ್ತು. ಅವಳ ಹೆಸರಿಗೆ ಬಂದ ಹಣಕ್ಕೆ ಮಾತ್ರ ಅವಳದೇ ಸಹಿ, ಇಲ್ಲವೇ ಅವಳದೇ ಹೆಬ್ಬೆಟ್ಟು ಬೇಕಿತ್ತು. ಎಷ್ಟೋ ತವರುಗಳು ಗೌರವಕ್ಕೆಂದು ಅಳಿಯನ ಹೆಸರಿಗೆ ಕಳಿಸುತ್ತಿದ್ದವು. ಮಗಳ ಹೆಸರಿಗೇ ಕಳಿಸಿದ ತವರು ಸ್ವಲ್ಪ ಯೋಚನೆ ಮಾಡಿದ ತವರು.

ಹಬ್ಬ ಒಂದೇ, ರಜೆ ಬೇರೆ

ಕಾಗದದಲ್ಲಿ ಕರೆದರೆ ಆಯಿತೇ, ಬರಲು ರಜೆ ಬೇಕಲ್ಲ. ಬೇರೆ ಬೇರೆ ರಾಜ್ಯಗಳಲ್ಲಿರುವ ಅಣ್ಣತಮ್ಮಂದಿರು ಎದುರಿಸಿದ ದೊಡ್ಡ ಕಷ್ಟ ದೂರವಲ್ಲ, ಕ್ಯಾಲೆಂಡರು. ಗಣೇಶನ ಹಬ್ಬ ಮುಂಬೈಯಲ್ಲಿ ಹತ್ತು ದಿನದ ಸಂಭ್ರಮ. ದೆಹಲಿಯ ಕಚೇರಿಗೆ ಅದು ಬಹುಪಾಲು ಮಾಮೂಲು ದಿನ. ಸಂಕ್ರಾಂತಿಗೆ ಚೆನ್ನೈಯಲ್ಲಿ ಪೊಂಗಲಿನ ಸಾಲು ರಜೆ. ಅದೇ ಹೊತ್ತಿಗೆ ಮುಂಬೈಯವರು ಎಂದಿನಂತೆ ಲೋಕಲ್ ಹತ್ತುತ್ತಾರೆ. ಯುಗಾದಿ ಹೈದರಾಬಾದಿಗೂ ಪುಣೆಗೂ ಹೊಸ ವರ್ಷ; ಚೆನ್ನೈಯಲ್ಲಿ ಹೊಸ ವರ್ಷ ಬರುವುದು ಏಪ್ರಿಲ್ ನಡುವೆ. ಹಾಗೆ ನೋಡಿದರೆ ತುಳುನಾಡಿಗೂ ಆಗಲೇ. ಅಲ್ಲಿ ಅದು ಬಿಸು. ದೀಪಾವಳಿಯೊಂದು ಎಲ್ಲ ಕಡೆ ಇದ್ದರೂ ನಮ್ಮಲ್ಲಿ ನರಕ ಚತುರ್ದಶಿಯ ಬೆಳಗಿನ ಎಣ್ಣೆ ಸ್ನಾನ ಮುಖ್ಯವಾದರೆ ದೆಹಲಿಗೆ ಅಮಾವಾಸ್ಯೆಯ ರಾತ್ರಿ ಮುಖ್ಯ.

ಆದ್ದರಿಂದ ಚದುರಿದ ಮನೆಗಳು ಕೂಡಲು ಆರಿಸಿಕೊಂಡ ದಿನ ಎಷ್ಟೋ ಸಲ ದೊಡ್ಡ ಹಬ್ಬದ ದಿನವಾಗಿರಲಿಲ್ಲ. ಮಕ್ಕಳ ಬೇಸಿಗೆ ರಜೆಯೇ ನಿಜವಾದ ಹಬ್ಬವಾಯಿತು. ಮದುವೆ, ಮುಂಜಿ, ಊರ ಜಾತ್ರೆ, ರಥೋತ್ಸವಗಳಿಗೆ ಜನ ಆಗ ಸೇರಿದರು. ಕರಾವಳಿಯಲ್ಲಿ ಈ ಹೊಂದಾಣಿಕೆ ಬಹಳ ಅಚ್ಚುಕಟ್ಟು. ಅಲ್ಲಿನ ಮನೆತನಗಳಿಗೆ ಕುಟುಂಬದ ಮೂಲ ಮನೆ, ಅದಕ್ಕೆ ಸೇರಿದ ನಾಗಬನ, ದೈವ ಇರುತ್ತವೆ. ಕೋಲ, ನೇಮಗಳು ನಡೆಯುವುದು ಪತ್ತನಾಜೆಯವರೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ ಕೊನೆಯ ವಾರದವರೆಗೆ; ಆಮೇಲೆ ಮಳೆಗಾಲ ಮುಗಿಯುವ ತನಕ ಇಲ್ಲ. ಮುಂಬೈ ಶಾಲೆಗಳ ರಜೆಯೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಮೂಲ ಮನೆಯಿಂದ ನೇಮದ ದಿನ ತಿಳಿಸಿ, ವಂತಿಗೆ ಎಷ್ಟೆಂದು ಬರೆದು ಕಾಗದ ಹೋಗುತ್ತಿತ್ತು. ಬಂದರೆ ಸಂತೋಷ, ಬಾರದಿದ್ದರೂ ವಂತಿಗೆ ಬರಬೇಕು. ಹಾಗೆ ಬಂದ ವಂತಿಗೆಯ ಪಟ್ಟಿಯೇ ಆ ಕುಟುಂಬದಲ್ಲಿ ಯಾರು ಯಾರು ಎಲ್ಲೆಲ್ಲಿದ್ದಾರೆ ಎಂಬುದಕ್ಕೂ ಪಟ್ಟಿ. ಇಲ್ಲಿಯೂ ಮಂಗಳದ್ರವ್ಯದ್ದೇ ಲೆಕ್ಕ, ದಿಕ್ಕು ಮಾತ್ರ ತಿರುವುಮುರುವು: ಅಲ್ಲಿ ಊರಿನಿಂದ ದೂರಕ್ಕೆ, ಇಲ್ಲಿ ದೂರದಿಂದ ಊರಿಗೆ.

ದಾರಿಯೂ ಸುಲಭವಿರಲಿಲ್ಲ. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡಲು ಶುರುವಾಗುವ ತನಕ ಮುಂಬೈಯಿಂದ ಮಂಗಳೂರಿಗೆ ನೇರ ರೈಲು ದಾರಿ ಇರಲಿಲ್ಲ. ಬಳಸು ದಾರಿಯ ರೈಲು, ಇಲ್ಲವೇ ಘಟ್ಟ ಹತ್ತಿ ಇಳಿಯುವ ಬಸ್ಸು. ರೋಹಾದಿಂದ ತೋಕೂರಿನವರೆಗೆ ಏಳುನೂರಕ್ಕೂ ಹೆಚ್ಚು ಕಿಲೋಮೀಟರ್ ಹಳಿ ಬಿದ್ದ ಮೇಲೆ, ಎರಡು ವರ್ಷಕ್ಕೊಮ್ಮೆ ಬರುತ್ತಿದ್ದವರು ವರ್ಷಕ್ಕೆರಡು ಸಲ ಬರುವುದು ಸಾಧ್ಯವಾಯಿತು.

ಬರಲಾಗದವರಿಗೆ ತಂತಿ ಇತ್ತು. ಹಬ್ಬ, ಮದುವೆಗಳ ಶುಭಾಶಯಕ್ಕೆ ಇಲಾಖೆ ಸಿದ್ಧ ವಾಕ್ಯಗಳನ್ನು ಮಾಡಿ ಒಂದೊಂದಕ್ಕೆ ಒಂದೊಂದು ಸಂಖ್ಯೆ ಕೊಟ್ಟಿತ್ತು. ಸಂಖ್ಯೆ 1 ದೀಪಾವಳಿಯ ಶುಭಾಶಯ. ಫಾರಂನಲ್ಲಿ ವಾಕ್ಯದ ಬದಲು ಸಂಖ್ಯೆ ಬರೆದರೆ ಸಾಕು, ಆ ತುದಿಯಲ್ಲಿ ವಾಕ್ಯವಾಗಿ ತಲಪುತ್ತಿತ್ತು. ಆದರೆ ಕನ್ನಡದ ಎಷ್ಟೋ ಮನೆಗಳಿಗೆ ತಂತಿ ಎಂದರೆ ಸಾವಿನ ಸುದ್ದಿ. ತಂತಿಯವನು ಬಾಗಿಲಲ್ಲಿ ನಿಂತರೆ ಒಡೆಯುವ ಮುಂಚೆಯೇ ಅಳು ಶುರು. ಅದರಲ್ಲಿ ದೀಪಾವಳಿ ಇದ್ದರೂ ಎದೆ ಬಡಿತ ಇಳಿಯಲು ಹೊತ್ತು ಬೇಕು. ಹಾಗಾಗಿ ಹಬ್ಬಕ್ಕೆ ಕಾರ್ಡೇ ಒಳ್ಳೆಯದು ಎಂದವರೇ ಹೆಚ್ಚು. ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು.

ಮೀಟರಿನ ಮುಂದೆ ಮಾತು

ಟ್ರಂಕ್ ಕಾಲ್ ಬುಕ್ ಮಾಡಿ ದಿನವಿಡೀ ಕಾಯುವುದು, ಮೂರು ನಿಮಿಷ ಮುಗಿಯಿತೆಂದು ಆಪರೇಟರ್ ನಡುವೆ ಬರುವುದು ಫೋನಿದ್ದ ಕೆಲವೇ ಮನೆಗಳ ಕಥೆ. ಸಾಮಾನ್ಯರ ಹಬ್ಬಕ್ಕೆ ಫೋನು ಸೇರಿದ್ದು ಹಳದಿ ಹಲಗೆಯ ಎಸ್‌ಟಿಡಿ ಬೂತುಗಳಿಂದ. ನೇರವಾಗಿ ನಂಬರು ತಿರುಗಿಸಿ ಬೇರೆ ಊರಿಗೆ ಮಾತಾಡುವ ವ್ಯವಸ್ಥೆ 1960ರಲ್ಲೇ ಲಖನೌ ಮತ್ತು ಕಾನ್ಪುರಗಳ ನಡುವೆ ಶುರುವಾಗಿದ್ದರೂ ಬೂತುಗಳು ಬೀದಿ ಬೀದಿಗೆ ಬಂದದ್ದು 1980ರ ದಶಕದ ಕೊನೆಯಿಂದ ಈಚೆಗೆ. ರಾತ್ರಿ ಹೊತ್ತಾದಂತೆ ದರ ಇಳಿದು ಕಾಲುಪಾಲಿಗೆ ಬರುತ್ತಿತ್ತು. ಹಬ್ಬದ ರಾತ್ರಿ ಊಟ ಮುಗಿಸಿ ಇಡೀ ಸಂಸಾರ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದದ್ದು ಅದಕ್ಕೇ. ಒಳಗೆ ಕೆಂಪು ಅಂಕಿಗಳ ಮೀಟರು ಓಡುತ್ತಿತ್ತು. ಗಂಡ, ಹೆಂಡತಿ, ಮಕ್ಕಳು ಒಬ್ಬರ ಕೈಯಿಂದ ಒಬ್ಬರು ರಿಸೀವರ್ ಕಿತ್ತುಕೊಂಡು 'ಹೂಂ, ಚೆನ್ನಾಗಿದೀವಿ' ಎನ್ನುತ್ತಿದ್ದರು.

ಇಲ್ಲಿ ಒಂದು ದೊಡ್ಡ ಲಾಭವಾಯಿತು. ಓದು ಬಾರದ ತಾಯಿ ಮೊದಲ ಸಲ ದೂರದ ಮಗಳ ದನಿಯನ್ನು ನಡುವೆ ಯಾರ ಕೈಬರಹವೂ ಇಲ್ಲದೆ ಕೇಳಿದಳು. 'ಕ್ಷೇಮ' ಎಂಬ ಮಾತನ್ನು ಕಾಗದದಲ್ಲಿ ನಂಬಬೇಕು. ಫೋನಿನಲ್ಲಿ ಆ ಮಾತು ಹೇಳುವ ಮುಂಚಿನ ಒಂದು ಕ್ಷಣದ ತಡೆ ಕೇಳಿಸುತ್ತದೆ. ಆ ತಡೆಯನ್ನು ಕೇಳಿ ಮಾರನೆಯ ದಿನವೇ ಬಸ್ಸು ಹತ್ತಿದ ತಾಯಂದಿರು ಇದ್ದಾರೆ. ಕಾಗದ ಹೋಗಿ ಫೋನು ಬಂದದ್ದನ್ನು ಬರಿ ನಷ್ಟ ಎಂದು ಬರೆಯುವವರು ಹೆಚ್ಚಾಗಿ ಕಾಗದ ಬರೆಯಬಲ್ಲವರ ಕಡೆಯವರು.

ನಷ್ಟ ಬೇರೆ ಕಡೆ ಆಯಿತು. ಅಜ್ಜಿಗೆ ಮಾತು ಸಾಕಾಗಿತ್ತು. ಮೊಮ್ಮಕ್ಕಳಿಗೆ ಅಕ್ಷರವೂ ಬೇಕಿತ್ತು. ಮುಂಬೈಯ ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ, ಚೆನ್ನೈಯ ತಮಿಳು ಪರಿಸರಕ್ಕೆ ಬಿದ್ದ ಮಗುವಿಗೆ ಕನ್ನಡ ಓದಬೇಕಾದ ಕಾರಣ ಒಂದೇ ಇತ್ತು: ಊರಿನಿಂದ ಬಂದ ಕಾಗದ. 'ತಾತ ಏನು ಬರೆದಿದ್ದಾರೆ ಓದು ನೋಡೋಣ' ಎಂದು ತಾಯಿ ಕೈಗೆ ಕೊಡುತ್ತಿದ್ದ ನೀಲಿ ಕಾಗದವೇ ಪಠ್ಯಪುಸ್ತಕ. ಕೊನೆಯ ಸಾಲಿನಲ್ಲಿ 'ಇಂತು ನಿಮ್ಮ ಪ್ರೀತಿಯ' ಎಂದು ಬರೆದು ಹೆಸರು ಹಾಕುವುದೇ ಕಾಪಿ ಪುಸ್ತಕ. ಹೆಸರಿನ ಹಿಂದೆ ಯಾವಾಗ 'ಚಿ॥', ಯಾವಾಗ 'ಸೌ॥', ಯಾರಿಗೆ ನಮಸ್ಕಾರ, ಯಾರಿಗೆ ಆಶೀರ್ವಾದ ಎಂಬುದರಲ್ಲಿ ನೆಂಟಸ್ತಿಕೆಯ ವ್ಯಾಕರಣ ಪೂರ್ತಿ ಇತ್ತು. ಫೋನು ಬಂದ ಮೇಲೆ ಮಾತಿನ ಕನ್ನಡ ಉಳಿಯಿತು, ಓದುವ ಕನ್ನಡಕ್ಕೆ ಮನೆಯಲ್ಲಿ ಕೆಲಸ ಇಲ್ಲವಾಯಿತು. ಹೊರನಾಡಿನ ಮೂರನೆಯ ತಲೆಮಾರಿನಲ್ಲಿ 'ಮಾತಾಡೋಕೆ ಬರತ್ತೆ, ಓದೋಕೆ ಬರಲ್ಲ' ಎನ್ನುವವರು ಇಷ್ಟು ಜನ ಇರುವುದಕ್ಕೆ ಶಾಲೆಯನ್ನು ಬೈದರಷ್ಟೇ ಸಾಲದು. ತಾತನ ಕಾಗದ ನಿಂತದ್ದೂ ಒಂದು ಕಾರಣ.

ಎಲ್ಲರಿಗೂ, ಯಾರಿಗೂ ಅಲ್ಲ

ಮೊಬೈಲು ಬಂದ ಮೊದಲ ವರ್ಷಗಳಲ್ಲಿ ಹಬ್ಬದ ಎಸ್‌ಎಂಎಸ್‌ಗೆ ಇನ್ನೂ ಬೆಲೆ ಇತ್ತು. ಕಂಪನಿಗಳು ದೀಪಾವಳಿ, ಹೊಸ ವರ್ಷದಂಥ ದಿನಗಳಲ್ಲಿ ರಿಯಾಯಿತಿ ಪ್ಯಾಕ್ ನಡೆಯುವುದಿಲ್ಲ ಎಂದು ಪೂರ್ತಿ ದರ ಹಾಕುತ್ತಿದ್ದವು. ಜನ ಹಿಂದಿನ ದಿನವೇ ಶುಭಾಶಯ ಕಳಿಸಿ ಮುಗಿಸುತ್ತಿದ್ದರು. ಕನ್ನಡ ಅಕ್ಷರ ಮೂಡದ ಫೋನುಗಳಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡ ಶುರುವಾಗಿ ಅದೇ ರೂಢಿಯಾಯಿತು. ಆಮೇಲೆ ವಾಟ್ಸಾಪ್ ಬಂದು ಬೆಲೆ ಪೂರ್ತಿ ಹೋಯಿತು. ಈಗ ಯುಗಾದಿಯ ಬೆಳಿಗ್ಗೆ ಕುಟುಂಬದ ಗ್ರೂಪಿನಲ್ಲಿ ಬೇವು ಬೆಲ್ಲದ ಅದೇ ಚಿತ್ರ ಆರು ಕಡೆಯಿಂದ ಬರುತ್ತದೆ.

ಇದರಿಂದ ಒಳ್ಳೆಯದಾಗಲಿಲ್ಲ ಎನ್ನುವಂತಿಲ್ಲ. ದೆಹಲಿಯ ಮಗ ಮೈಸೂರಿನ ಪೂಜೆಯನ್ನು ವಿಡಿಯೊದಲ್ಲಿ ನೋಡುತ್ತಾನೆ. ಬರೆಯಲು ಬಾರದ ಅತ್ತೆ ಧ್ವನಿ ಸಂದೇಶ ಕಳಿಸುತ್ತಾಳೆ. ಎಷ್ಟೋ ವರ್ಷ ವಿಳಾಸ ತಪ್ಪಿಹೋಗಿದ್ದ ದಾಯಾದಿಗಳ ಮಕ್ಕಳು ಒಂದೇ ಗ್ರೂಪಿನಲ್ಲಿ ಸಿಕ್ಕಿದ್ದಾರೆ. ಕಾರ್ಡಿನ ಕಾಲದಲ್ಲಿ ಒಂದು ಮನೆಯಿಂದ ಎಷ್ಟು ಮನೆಗಳ ಜತೆ ನಂಟು ಇಟ್ಟುಕೊಳ್ಳಬಹುದಿತ್ತೋ ಈಗ ಅದರ ಹಲವು ಪಟ್ಟು ಸಾಧ್ಯ.

ಬದಲಾದದ್ದು ಪಟ್ಟಿ. ಕಾರ್ಡು ಬರೆಯುವವರು, ಹೆಚ್ಚಾಗಿ ಮನೆಯ ಹಿರಿಯ ಹೆಂಗಸು ಹೇಳಿ ಬರೆಸುವಾಗ, ಒಬ್ಬೊಬ್ಬರನ್ನೂ ನೆನೆಯಬೇಕಿತ್ತು. ಕಳೆದ ವರ್ಷ ಉತ್ತರ ಬಾರದವರು ಯಾರು, ಮನೆ ಬದಲಿಸಿದವರು ಯಾರು, ಸೂತಕದವರು ಯಾರು, ಮೊದಲ ದೀಪಾವಳಿಯ ಅಳಿಯ ಯಾರು. ವರ್ಷಕ್ಕೆ ಎರಡು ಮೂರು ಸಲ ಕುಟುಂಬವನ್ನು ತಲೆಯಿಂದ ತಲೆಗೆ ಎಣಿಸಿ ನೋಡುವ ಕೆಲಸ ಅದು. ಅದಕ್ಕೆ ಯಾರೂ ಸಂಬಳ ಕೊಡಲಿಲ್ಲ, ಹೆಸರನ್ನೂ ಕೊಡಲಿಲ್ಲ. ಗ್ರೂಪಿಗೆ ಒಂದು ಚಿತ್ರ ಹಾಕಿದಾಗ ಎಲ್ಲರಿಗೂ ಹೇಳಿದಂತಾಗುತ್ತದೆ, ಯಾರನ್ನೂ ಎಣಿಸಬೇಕಾಗುವುದಿಲ್ಲ. ಆರು ತಿಂಗಳಿಂದ ಒಂದು ಮಾತೂ ಆಡದ ಸದಸ್ಯನೊಬ್ಬ ಅಲ್ಲಿ ಇದ್ದಾನೆಂಬುದೇ ಕಾಣುವುದಿಲ್ಲ. ನೀಲಿ ಗೆರೆಗಳು ಸಂದೇಶ ನೋಡಿದ್ದಾರೆ ಎನ್ನುತ್ತವೆ. ಅವರು ಹೇಗಿದ್ದಾರೆ ಎಂದು ಹೇಳುವುದಿಲ್ಲ.

ಹಳೆಯ ರೀತಿಯ ಮನಿ ಆರ್ಡರ್ 2015ರಲ್ಲಿ ನಿಂತು ಅದರ ಜಾಗಕ್ಕೆ ವಿದ್ಯುನ್ಮಾನ ಮನಿ ಆರ್ಡರ್ ಬಂತು. ಮರುವರ್ಷ ಯುಪಿಐ ಶುರುವಾಯಿತು. ಮಂಗಳದ್ರವ್ಯ ಈಗಲೂ ಹೋಗುತ್ತದೆ, ಕ್ಷಣದಲ್ಲಿ ಮುಟ್ಟುತ್ತದೆ, ಇಪ್ಪತ್ತು ರೂಪಾಯಿಗೆ ಒಂದು ರೂಪಾಯಿ ಕಮಿಷನ್ನೂ ಇಲ್ಲ. ಹಣ ಮುಟ್ಟಿತು ಎಂದು ಬ್ಯಾಂಕೇ ತಿಳಿಸಿಬಿಡುವುದರಿಂದ ಮಗಳು ಏನನ್ನೂ ವಾಪಸು ಕಳಿಸಬೇಕಾಗಿಲ್ಲ. ಆದರೂ ಕೆಲವು ಮನೆಗಳಲ್ಲಿ ಹಣ ಬಂದ ಕೂಡಲೇ ಅವಳು ಫೋನು ಮಾಡುತ್ತಾಳೆ. 'ಬಂತಮ್ಮಾ' ಎಂದು ಶುರುವಾದ ಮಾತು ಅರ್ಧ ಗಂಟೆ ನಡೆಯುತ್ತದೆ. ಗೌರಿಯ ಮುಂದೆ ಬಾಗಿನ ಇಟ್ಟದ್ದು, ಮಗುವಿನ ಜ್ವರ, ಅತ್ತೆಯ ಮಂಡಿ ನೋವು, ಮೇಲಿನ ಮನೆಯವರು ಕೊಟ್ಟ ಮೋದಕ. ಕಳಿಸುವ ಆ್ಯಪಿನಲ್ಲಿ ಕೂಪನ್ನಿನಂತೆಯೇ ಒಂದು ಸಾಲಿನ ಜಾಗ ಇದೆ. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ. 'ಗೌರಿ ಹಬ್ಬಕ್ಕೆ, ಅಮ್ಮ' ಎಂದು ಬರೆಯುವವರೂ ಇದ್ದಾರೆ. ಅದನ್ನು ಓದಿದ ಮಗಳು ಫೋನು ಮಾಡದೆ ಇರುವುದು ಕಷ್ಟ.